ಬೊಬ್ಬೆ ಇರುವ ಕಡೆ ಉರಿ, ಬಿಳಿಚಿಕೊಂಡ ಕಡೆ ನೋವೇ ಇಲ್ಲ. ಇದು ಎಷ್ಟನೇ ಡಿಗ್ರಿ?

ಸಾಗರದ ಸೊಸೆ:
ಮೊನ್ನೆ ರಾತ್ರಿ ಅನ್ನ ಬಸಿಯುವಾಗ ಮುಚ್ಚಳ ಜಾರಿ ಕುದಿಯುವ ಗಂಜಿ ಎಡಗಾಲಿನ ಮೇಲೆ ಬಿತ್ತು. ಹವಾಯಿ ಚಪ್ಪಲಿ ಹಾಕಿಕೊಂಡಿದ್ದೆ. ನಲ್ಲಿ ಕೆಳಗೆ ಎರಡು ನಿಮಿಷ ಕಾಲಿಟ್ಟಿದ್ದೆ, ಅಷ್ಟರಲ್ಲಿ ಅತ್ತೆ ಕಾಫಿಪುಡಿ ತಂದು ಮೆತ್ತಿಬಿಟ್ಟರು.

ಈಗ ಬೆರಳುಗಳ ಹತ್ತಿರ ಬರೀ ಕೆಂಪು. ಪಾದದ ಮೇಲೆ ಎರಡು ಬೊಬ್ಬೆ, ಒಂದು ನಿಂಬೆಹಣ್ಣಿನಷ್ಟಿದೆ, ಜೀವ ಹೋಗುವ ಉರಿ. ಚಪ್ಪಲಿ ಪಟ್ಟಿ ಇದ್ದ ಕಡೆ ಮಾತ್ರ ಎರಡು ಬೆರಳಗಲ ಬಿಳಿಚಿಕೊಂಡಿದೆ. ಅಲ್ಲಿ ಮುಟ್ಟಿದರೂ ನೋವಿಲ್ಲ. ಆ ಜಾಗ ಬೇಗ ವಾಸಿಯಾಗ್ತಿದೆ ಅಂತ ಖುಷಿಯಲ್ಲಿದ್ದೆ. ಮೆಡಿಕಲ್ ಶಾಪಿನವರು ‘ಸೆಕೆಂಡ್ ಡಿಗ್ರಿ’ ಅಂದರು. ಹಾಗಂದರೇನು? ಆಸ್ಪತ್ರೆಗೆ ಹೋಗಲೇಬೇಕಾ?

ಅಡಿಕೆ ಗೊನೆ:
ನನಗೆ ಬೈಕಿನ ಸೈಲೆನ್ಸರ್ ತಾಗಿದಾಗ ಟೂತ್‌ಪೇಸ್ಟ್ ಹಚ್ಚಿದ್ದೆ, ತಣ್ಣಗಾಯಿತು. ನೋವಿಲ್ಲ ಅಂದ್ರೆ ಸುಮ್ನೆ ಬಿಡಿ.

ರಿಟೈರ್ಡ್ ಸಿಸ್ಟರ್:
ಸುಮ್ನೆ ಬಿಡಬೇಡಿ ತಾಯಿ. ಹನ್ನೊಂದು ವರ್ಷ ಸುಟ್ಟಗಾಯದ ವಾರ್ಡಿನಲ್ಲಿದ್ದೆ. ಅಲ್ಲಿ ಕಿರುಚುವವರಿಗಿಂತ ‘ನೋವೇನಿಲ್ಲ ಸಿಸ್ಟರ್’ ಅನ್ನುವವರನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತಿತ್ತು.

ನಿಮ್ಮ ಒಂದೇ ಕಾಲಲ್ಲಿ ಎರಡು ಮೂರು ಡಿಗ್ರಿ ಇರಬಹುದು. ಬೆರಳ ಹತ್ತಿರದ ಕೆಂಪು ಫಸ್ಟ್ ಡಿಗ್ರಿ, ಮೇಲ್ಪದರ ಮಾತ್ರ ಬೆಂದಿದೆ, ವಾರದೊಳಗೆ ಹೋಗುತ್ತದೆ. ಬೊಬ್ಬೆ ಎದ್ದದ್ದು ಸೆಕೆಂಡ್ ಡಿಗ್ರಿ. ಕೆಳಗಿನ ಪದರಕ್ಕೂ ತಾಗಿದೆ, ಆದರೆ ನರದ ತುದಿಗಳು ಜೀವಂತವಾಗಿವೆ, ಅದಕ್ಕೇ ಆ ಉರಿ. ಇದು ಮೇಲುಮೇಲಿನದಾದರೆ ಎರಡು ಮೂರು ವಾರದಲ್ಲಿ ಮಾಗುತ್ತದೆ.

ನನಗೆ ಚಿಂತೆ ಪಟ್ಟಿ ಕೆಳಗಿನದು. ಗಂಜಿ ನೀರಿನ ಹಾಗೆ ಹರಿದುಹೋಗುವುದಿಲ್ಲ, ಅಂಟಿಕೊಳ್ಳುತ್ತದೆ. ಪಟ್ಟಿ ಅಡಿಯಲ್ಲಿ ಸಿಕ್ಕಿಕೊಂಡು ಜಾಸ್ತಿ ಹೊತ್ತು ಸುಟ್ಟಿದೆ. ಬಿಳಿ, ಒಣಗಿದ ಹಾಗೆ, ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದರೆ ನರವೇ ಸುಟ್ಟಿರಬಹುದು. ಅದು ಆಳದ ಸೆಕೆಂಡ್ ಡಿಗ್ರಿಯೋ, ಚರ್ಮ ಪೂರ್ತಿ ಬೆಂದ ಥರ್ಡ್ ಡಿಗ್ರಿಯೋ ಅಂತ ಕಣ್ಣಲ್ಲಿ ನೋಡಿದ ಡಾಕ್ಟರೇ ಹೇಳಬೇಕು. ಅವರಿಗೂ ಮೊದಲ ದಿನವೇ ಹೇಳುವುದು ಕಷ್ಟ, ಎರಡು ಮೂರು ದಿನ ಗಾಯ ಒಳಗೊಳಗೇ ಇಳಿಯುತ್ತದೆ.

ಬೆರಳೂ ಸೇರಿ ನಿಮ್ಮದೇ ಅಂಗೈಯಷ್ಟು ಸುಟ್ಟರೆ ಮೈಯ ಸುಮಾರು 1% ಅಂತ ಲೆಕ್ಕ. ನಿಮ್ಮದು ಅದರ ಹತ್ತಿರ. ಆದರೆ ಪಾದ, ಕೈ, ಮುಖ, ಕೀಲುಗಳಿಗೆ ಈ ಲೆಕ್ಕ ನೋಡಿಕೊಂಡು ಕೂರಬಾರದು. ನಾಳೆ ಬೆಳಿಗ್ಗೆಯೇ ಹೋಗಿ. ಬಿಳಿ ಮುಲಾಮು ಹಚ್ಚಿಕೊಂಡು ಹೋಗಬೇಡಿ, ಬಣ್ಣವೇ ಕಾಣುವುದಿಲ್ಲ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ನೆನಪು ಮಾಡಿಕೊಳ್ಳಿ. ಮತ್ತೆ, ಕಾಲುಂಗುರ ತೆಗೆದಿದ್ದೀರಾ?

ಅಡಿಕೆ ಗೊನೆ ಅವರೇ, ತಣ್ಣಗಾಗಿದ್ದು ಪೇಸ್ಟಿನ ಪುದೀನ. ಸುಟ್ಟ ಮೂರು ಗಂಟೆಯೊಳಗೆ 20 ನಿಮಿಷ ಹರಿಯುವ ನಲ್ಲಿ ನೀರು, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಐಸ್ ಬೇಡ.

ಸಾಗರದ ಸೊಸೆ:
ಹೋಗಿ ಬಂದೆ ಸಿಸ್ಟರ್. ಕಾಲುಂಗುರ ಊತದಲ್ಲಿ ಹೂತುಹೋಗಿತ್ತು, ಕತ್ತರಿಸಿಯೇ ತೆಗೆದರು. ಕಾಫಿಪುಡಿ ತೊಳೆಯುವಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು, ಪಕ್ಕದಲ್ಲಿ ನಿಂತ ಅತ್ತೆ ಕಣ್ಣಲ್ಲೂ ನೀರು. ಪಟ್ಟಿ ಕೆಳಗಿನದು ಆಳದ್ದೇ ಅಂತೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಮೂರು ವಾರದಲ್ಲಿ ತುಂಬದಿದ್ದರೆ ತೊಡೆಯ ಚರ್ಮ ತೆಗೆದು ಹಾಕುತ್ತಾರಂತೆ. ಸಣ್ಣ ಬೊಬ್ಬೆ ಹಾಗೇ ಬಿಟ್ಟಿದ್ದಾರೆ. ಮನೇಲಿ ಸೂಜಿ ಚುಚ್ಚಿ ನೀರು ತೆಗೀಬಹುದಾ?

ರಿಟೈರ್ಡ್ ಸಿಸ್ಟರ್:
ಬೇಡವೇ ಬೇಡ. ಆ ಬೊಬ್ಬೆಯ ತೊಗಟೆಯೇ ಸದ್ಯಕ್ಕೆ ನಿಮ್ಮ ಬ್ಯಾಂಡೇಜ್. ಕಾಲಡಿಗೆ ಎರಡು ದಿಂಬು ಇಟ್ಟು ಎತ್ತರ ಮಾಡಿಕೊಂಡು ಮಲಗಿ. ಜ್ವರ ಬಂದರೆ, ವಾಸನೆ ಬಂದರೆ, ಸುತ್ತಲ ಕೆಂಪು ಹರಡಿದರೆ ಡ್ರೆಸ್ಸಿಂಗ್ ದಿನಕ್ಕೆ ಕಾಯದೆ ಹೋಗಿ. ಅನ್ನ ಅತ್ತೆ ಬಸಿಯಲಿ.