ಸಾರ್ಡೀನಿಯಾದ ಕಾಲಾ ಗೊಲೊರಿಟ್ಜೆ: ಮಂಡಿನೋವಿರುವ ಹಿರಿಯರೊಂದಿಗೆ ಹೋಗಬಹುದೆ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು. ಮಿಲಾನ್‌ನಲ್ಲಿ ಓದುತ್ತಿರುವ ಮಗನನ್ನು ಕಾಣಲು ಬರುವ ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮತ್ತು ಎಪ್ಪತ್ತು ದಾಟಿದ ಅತ್ತೆಯವರು ಇಟಲಿಗೆ ಹೊರಟಿದ್ದೇವೆ. ಹೋಟೆಲು, ಕುರ್ಚಿ, ಕೊಡೆ, ಅಂಗಡಿ ಯಾವುದೂ ಇಲ್ಲದ, ಬಂಡೆಗಳ ನಡುವೆ ಅಡಗಿರುವ ಒಂದು ಕಿರುಕೊಲ್ಲಿಯನ್ನು ನೋಡಬೇಕೆಂಬುದು ನನ್ನ ಆಸೆ. ಮಗ ಸಾರ್ಡೀನಿಯಾ ದ್ವೀಪದ ಪೂರ್ವ ತೀರದಲ್ಲಿರುವ ಕಾಲಾ ಗೊಲೊರಿಟ್ಜೆಯ ಹೆಸರು ಹೇಳುತ್ತಿದ್ದಾನೆ. ಅಲ್ಲಿಗೆ ದೋಣಿಯಲ್ಲಿ ಹೋಗಿ ಇಳಿಯಲು ಬಿಡುವುದಿಲ್ಲವೆಂಬುದು ನಿಜವೆ? ಬಯಲುಸೀಮೆಯಲ್ಲೇ ನಡೆದು ರೂಢಿಯಾದ ನಮಗೆ ಆ ದಾರಿ ಎಷ್ಟರಮಟ್ಟಿಗೆ ಸಾಧ್ಯ? ಯಜಮಾನರು ಅಫಜಲಪುರದ ಕಡೆಯ ತಮ್ಮೂರಿನ ಬಾವಿಯಲ್ಲಿ ಈಜು ಕಲಿತವರು, ನನಗೆ ಈಜು ಬಾರದು, ಅತ್ತೆಯವರಿಗೆ ಮಂಡಿನೋವಿದೆ. ನಾವು ಶುದ್ಧ ಸಸ್ಯಾಹಾರಿಗಳೆಂಬುದನ್ನೂ ಸೇರಿಸಿ ಹೇಳುತ್ತಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಯಾದಗಿರಿಯವರು, ಸದ್ಯ ತೂರಿನ್‌ನಲ್ಲಿ ಕೆಲಸ)

ಶರಣು ಅಕ್ಕಾವರೆ. ಅತ್ತೆಯವರನ್ನು ಗೊಲೊರಿಟ್ಜೆಗೆ ಕರೆದೊಯ್ಯಬೇಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ದೋಣಿಗಳು ಆ ದಡಕ್ಕೆ ಬಂದು ತಾಗುವಂತಿಲ್ಲ, ಪ್ರವಾಸಿ ದೋಣಿಗಳು ದೂರದಲ್ಲಿ ನಿಂತು ತೋರಿಸಿಕೊಂಡು ಹೋಗುತ್ತವೆ. ಹೀಗಾಗಿ ಅಲ್ಲಿ ಕಾಲೂರಬೇಕೆಂದರೆ ನಡೆದೇ ಹೋಗಬೇಕು. ಬೌನೇಯ್ ಎಂಬ ಬೆಟ್ಟದೂರಿನಿಂದ ಕಾರಿನಲ್ಲಿ ಗೊಲ್ಗೊ ಪ್ರಸ್ಥಭೂಮಿಗೆ ಹೋಗಿ, ಸು ಪೊರ್ತೆದ್ದು ಎಂಬಲ್ಲಿ ಕಾರು ನಿಲ್ಲಿಸಿದರೆ, ಅಲ್ಲಿಂದ ಸುಮಾರು ಮೂರೂವರೆ ಕಿ.ಮೀ. ಕಾಲುದಾರಿ. ಮೊದಲು ಸ್ವಲ್ಪ ಏರಿ, ಆಮೇಲೆ ಸಮುದ್ರಮಟ್ಟದವರೆಗೆ ನಾನೂರೈವತ್ತು ಮೀಟರಿಗೂ ಹೆಚ್ಚು ಇಳಿಯುತ್ತದೆ. ಇಳಿಯುವಾಗ ಒಂದು, ಒಂದೂಕಾಲು ಗಂಟೆ ಸಾಕಾಗುತ್ತದೆ, ಆದರೆ ಈಜಿ, ಉಪ್ಪು ಮೈಗಂಟಿ, ಮಧ್ಯಾಹ್ನದ ಬಿಸಿಲಿನಲ್ಲಿ ಅಷ್ಟೂ ಎತ್ತರವನ್ನು ಮತ್ತೆ ಏರಬೇಕಲ್ಲ, ಅದೇ ನಿಜವಾದ ಪರೀಕ್ಷೆ. ಪೂರ್ತಿ ಕಲ್ಲುದಾರಿಯಾದ್ದರಿಂದ ಚಪ್ಪಲಿ ನಡೆಯುವುದಿಲ್ಲ, ಹಿಡಿತವಿರುವ ಬೂಟು ಬೇಕೇ ಬೇಕು. ಹೊರಡುವ ಮುನ್ನ ನೀವೂ ಯಜಮಾನರೂ ಒಂದೆರಡು ಭಾನುವಾರ ನಮ್ಮ ಯಾದಗಿರಿ ಕೋಟೆಯನ್ನು ಬೆನ್ನ ಮೇಲೆ ಚೀಲ ಹೊತ್ತು ಹತ್ತಿ ಇಳಿದರೆ, ಮಂಡಿಗಳು ಏನು ಹೇಳುತ್ತವೆಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಅಲ್ಲಿ ನೀವು ಬಯಸಿದಂತೆ ಏನೂ ಇಲ್ಲ: ಅಂಗಡಿಯಿಲ್ಲ, ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ, ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಹೊತ್ತೊಯ್ಯಬೇಕು, ಕಸವನ್ನೆಲ್ಲ ಮರಳಿ ಹೊತ್ತು ತರಬೇಕು. ಆದರೆ ಏನೂ ಇಲ್ಲದಂತೆ ಇರಿಸಿಕೊಳ್ಳುವುದಕ್ಕೆ ಆ ಊರಿನವರು ಬಹಳಷ್ಟು ಮಾಡಿದ್ದಾರೆಂಬುದನ್ನು ಮರೆಯಬೇಡಿ. ದಿನಕ್ಕೆ 250 ಜನರಿಗಷ್ಟೇ ಪ್ರವೇಶ, ಕೆಲವು ಯೂರೊ ಶುಲ್ಕ, ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯ, ಸಂಜೆಗೆ ಮುಂಚೆ ದಡ ಬಿಟ್ಟು ಮೇಲಕ್ಕೆ ಹೊರಡಬೇಕು. ಆದ್ದರಿಂದ ಯಾರೂ ಇಲ್ಲದ ಏಕಾಂತ ದೊರೆಯುತ್ತದೆಂದು ಹೋದರೆ ನಿರಾಶೆಯಾದೀತು. ಬೆಳಗ್ಗೆ ಮೊದಲು ಇಳಿದವರಿಗೆ ಸ್ವಲ್ಪ ಹೊತ್ತು ಆ ಭಾಗ್ಯವುಂಟು, ಅಷ್ಟೆ.

ಸೆಪ್ಟೆಂಬರ್ ಒಳ್ಳೆಯ ಆಯ್ಕೆ. ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಆಗಸ್ಟಿನ ಗದ್ದಲ ಇಳಿದಿರುತ್ತದೆ. ಯಜಮಾನರಿಗೆ ಒಂದು ಮಾತು: ಬಾವಿಯ ಈಜು ಗಟ್ಟಿಯಾದದ್ದೇ, ಉಪ್ಪು ಹೆಚ್ಚಿರುವ ಮೆಡಿಟರೇನಿಯನ್‌ನಲ್ಲಿ ಮೈ ಇನ್ನೂ ಹಗುರಾಗಿ ತೇಲುತ್ತದೆ. ಆದರೆ ಅಲ್ಲಿ ದಡದಿಂದ ಕೆಲವೇ ಹೆಜ್ಜೆಗೆ ಆಳ ಶುರುವಾಗುತ್ತದೆ, ಕಾವಲಿಗೆ ಈಜುಗಾರರಿರುತ್ತಾರೆಂದು ಎಣಿಸಬಾರದು. ನೀವು ಸೊಂಟದ ಮಟ್ಟಕ್ಕಿಂತ ಮುಂದೆ ಹೋಗದಿರುವುದೇ ಕ್ಷೇಮ.

ಉತ್ತರ (ಶಹಾಬಾದ್, ನಿವೃತ್ತ ಭೂವಿಜ್ಞಾನ ಉಪನ್ಯಾಸಕ)

ಮೇಲಿನವರು ನೀರಿಲ್ಲ ಎಂದು ಬರೆದಿದ್ದಾರೆ, ಅದಕ್ಕೆ ಕಾರಣ ಆ ಕಲ್ಲಿನಲ್ಲಿಯೇ ಇದೆ. ಗೊಲ್ಗೊದಲ್ಲಿ ಕಾಲಕೆಳಗೆ ಇರುವುದು ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್, ಕೊಲ್ಲಿಯ ಕಡೆಗೆ ಇಳಿಯುತ್ತ ಹೋದಂತೆ ಸಿಗುವುದು ಬಿಳಿಯ ಸುಣ್ಣಕಲ್ಲು. ಆಳಂದದ ಕಪ್ಪು ನೆಲದಿಂದ ನಮ್ಮ ಫರಸಿಕಲ್ಲಿನ ಸೀಮೆಗೆ ಬಂದವರಿಗೆ ಈ ಅನುಕ್ರಮ ಹೊಸದಲ್ಲ. ವಯಸ್ಸು ಮಾತ್ರ ಬೇರೆ ಬೇರೆ. ನಮ್ಮ ಬಸಾಲ್ಟಿಗೆ ಸುಮಾರು ಆರೂವರೆ ಕೋಟಿ ವರ್ಷ, ಗೊಲ್ಗೊದ್ದಕ್ಕೆ ಕೆಲವೇ ದಶಲಕ್ಷ ವರ್ಷ. ಅಲ್ಲಿನ ಸುಣ್ಣಕಲ್ಲು ಡೈನೋಸಾರ್‌ಗಳ ಕಾಲದ್ದು, ಭೀಮಾ ಕಣಿವೆಯ ಸುಣ್ಣಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು.

ಸುಣ್ಣಕಲ್ಲು ಮಳೆನೀರನ್ನು ಬಿರುಕುಗಳಲ್ಲಿ ಕುಡಿದು, ನಿಧಾನವಾಗಿ ಕರಗುತ್ತ, ಒಳಗೆ ಗವಿ ಕೊರೆದುಕೊಳ್ಳುತ್ತದೆ. ಆದಕಾರಣ ಮೇಲೆ ಹಳ್ಳಕೊಳ್ಳ ಹರಿಯುವುದಿಲ್ಲ, ನೀರು ಒಳಗೊಳಗೇ ಸಾಗಿ ಕೆಲವು ಕಡೆ ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆಯಾಗಿ ಹೊರಬರುತ್ತದೆ. ಈಜುವಾಗ ಒಮ್ಮೆಲೇ ತಣ್ಣೀರು ತಾಗಿದರೆ ಗಾಬರಿ ಬೇಡ. ಗೊಲ್ಗೊದಲ್ಲೇ ಸು ಸ್ತೆರ್ರು ಎಂಬ ಕಡಿದಾದ ಕಮರಿಯೊಂದಿದೆ, ಸುಮಾರು 270 ಮೀಟರ್ ಆಳ. ಬೇಲಿಯ ಹೊರಗೆ ನಿಂತು ನೋಡಬೇಕು.

ಇನ್ನು ಕಡಲತೀರದ ಮಾತು. ಈಗ ಕಾಣುವ ಬಿಳಿ ಬೆಣಚಿನಂಥ ಗುಂಡುಗಲ್ಲುಗಳ ದಡ ಅನಾದಿಕಾಲದ್ದಲ್ಲ, 1962ರಲ್ಲಿ ಬೆಟ್ಟದ ಒಂದು ಭಾಗ ಕುಸಿದು ಬಿದ್ದು ರೂಪುಗೊಂಡದ್ದು. ಪಕ್ಕದಲ್ಲಿ 143 ಮೀಟರ್ ಎತ್ತರದ ಸುಣ್ಣಕಲ್ಲಿನ ಕೋಡು ನಿಂತಿದೆ, ಅದನ್ನು ಹಗ್ಗ ಹಾಕಿ ಏರುವವರೂ ಇದ್ದಾರೆ. ಬಂಡೆಯ ಬುಡದಲ್ಲಿ ನೆರಳಿದೆಯೆಂದು ಮಲಗಬೇಡಿ. ಒಮ್ಮೆ ಕುಸಿದ ಬೆಟ್ಟದಿಂದ ಕಲ್ಲು ಮತ್ತೆ ಬೀಳಬಹುದು. ಕೊಡೆಯೊಂದನ್ನು ಒಯ್ಯಿರಿ.

ಉತ್ತರ (ಬೀದರ್)

ಇಷ್ಟೆಲ್ಲ ಕಷ್ಟಪಟ್ಟು ಸಾರ್ಡೀನಿಯಾಕ್ಕೇ ಏಕೆ ಹೋಗಬೇಕು? ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಮಕಾರೆಯಾ ಎಂಬ ಕೊಲ್ಲಿಯಿದೆ, ಬೇಸಿಗೆಯಲ್ಲಿ ಸಿಯುತಡೆಲಾ ಪಟ್ಟಣದಿಂದ ಅದರ ಸಮೀಪಕ್ಕೆ ಬಸ್ಸೇ ಹೋಗುತ್ತದೆ, ದಾರಿಯೂ ಸುಲಭ. ದ್ವೀಪವನ್ನು ಸುತ್ತುವ 185 ಕಿ.ಮೀ. ಉದ್ದದ ಹಳೆಯ ಕುದುರೆದಾರಿಯಲ್ಲಿ ತುಣುಕು ತುಣುಕಾಗಿ ನಡೆಯಬಹುದು. ಇಟಲಿ, ಸ್ಪೇನ್ ಎರಡಕ್ಕೂ ಷೆಂಗೆನ್ ವೀಸಾ ಒಂದೇ ಆದ್ದರಿಂದ ಬೇರೆ ಅನುಮತಿಯೂ ಬೇಡ.

ಪ್ರಶ್ನೆ ಕೇಳಿದವರು (ಕಲಬುರಗಿ)

ಎಲ್ಲರಿಗೂ ಧನ್ಯವಾದಗಳು. ಬೀದರ್ ಅಣ್ಣಾವರ ಸಲಹೆ ಚೆನ್ನಾಗಿದ್ದರೂ, ಮಗನಿಗೆ ಇರುವ ರಜೆಯಲ್ಲಿ ಮತ್ತೊಂದು ದೇಶ ಸೇರಿಸುವುದು ಕಷ್ಟ. ಅತ್ತೆಯವರನ್ನು ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟು ನಾವು ಮಾತ್ರ ನೋಡಿ ಬರಲು ಮನಸ್ಸಿಲ್ಲ. ಅವರೂ ಇಳಿಯಬಹುದಾದ ಬೇರೆ ಕೊಲ್ಲಿ ಆ ಕಡೆ ಇದೆಯೆ? ಊಟದ ವಿಷಯವನ್ನೂ ತಿಳಿಸಿ. ನೆನಪಿಗೆ ಅಲ್ಲಿನ ಒಂದು ಹಿಡಿ ಗುಂಡುಗಲ್ಲು ತರಬೇಕೆಂದು ಅವರು ಈಗಲೇ ಹೇಳಿಟ್ಟಿದ್ದಾರೆ.

ಉತ್ತರ (ಯಾದಗಿರಿಯವರು, ತೂರಿನ್)

ಹಾಗಾದರೆ ಕಾಲಾ ಲೂನಾಗೆ ಹೋಗಿ ಅಕ್ಕಾವರೆ. ಅದೇ ಒರೊಸೆಯ್ ಕೊಲ್ಲಿಯ ತೀರದಲ್ಲಿ, ಕಾಲಾ ಗೊನೊನೆ ಎಂಬ ಊರಿನಿಂದ ದೋಣಿಗಳು ಹೋಗುತ್ತವೆ. ರಸ್ತೆಯಿಲ್ಲದ ದಡವದು. ಸಣ್ಣ ಮರಳು, ಹಿಂದೆ ಕಣಗಿಲೆ ಗಿಡಗಳು, ಒಂದು ಬದಿಗೆ ಸಾಲಾಗಿ ದೊಡ್ಡ ದೊಡ್ಡ ಗವಿಗಳು. ಒಂದು ಚಿಕ್ಕ ಉಪಾಹಾರದ ಜಾಗವಿದೆ, ನಿಮ್ಮ ಷರತ್ತಿಗೆ ಅಷ್ಟು ಕೊರತೆ. ದೋಣಿಯಿಂದ ದಡಕ್ಕೆ ಕಿರಿದಾದ ಹಲಗೆಯ ಮೇಲೆ ಇಳಿಯಬೇಕಾಗುತ್ತದೆ, ಸಿಬ್ಬಂದಿ ಕೈಹಿಡಿಯುತ್ತಾರೆ, ಅತ್ತೆಯವರು ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡರೆ ಸಾಕು. ಅತ್ತೆಯವರೊಂದಿಗೆ ಇಲ್ಲಿ ದಡದಲ್ಲಿ ಕುಳಿತಿರುವ ದಿನವೊಂದು, ಗೊಲೊರಿಟ್ಜೆಗೆ ಇಳಿಯುವ ದಿನವೊಂದು ಇಟ್ಟುಕೊಳ್ಳಬೇಕೆಂದಿದ್ದರೆ, ಎರಡನೆಯ ದಿನ ನಿಮ್ಮಿಬ್ಬರಲ್ಲೋ ಮಗನೋ ಯಾರಾದರೂ ಒಬ್ಬರು ಅವರೊಂದಿಗೆ ಉಳಿಯಿರಿ, ಉಳಿದಿಬ್ಬರು ಇಳಿಯಿರಿ.

ಕಲ್ಲಿನ ಆಸೆಯನ್ನು ಮಾತ್ರ ಅತ್ತೆಯವರು ಬಿಡಬೇಕು. ಸಾರ್ಡೀನಿಯಾದ ದಡಗಳಿಂದ ಮರಳು, ಗುಂಡುಗಲ್ಲು, ಚಿಪ್ಪು ಒಯ್ಯುವುದನ್ನು 2017ರ ಪ್ರಾದೇಶಿಕ ಕಾನೂನು ನಿಷೇಧಿಸಿದೆ, ದಂಡ 500ರಿಂದ 3,000 ಯೂರೊವರೆಗೆ. 2019ರಲ್ಲಿ ಫ್ರೆಂಚ್ ದಂಪತಿಯೊಂದು ಬಾಟಲಿಗಳಲ್ಲಿ ತುಂಬಿದ ಸುಮಾರು 40 ಕೆ.ಜಿ. ಮರಳಿನೊಂದಿಗೆ ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ಇದೇ ದ್ವೀಪದ ಉತ್ತರಕ್ಕಿರುವ ಬುದೆಲ್ಲಿಯ ಗುಲಾಬಿ ದಡವನ್ನು, ಜನ ಮರಳು ಹೊತ್ತೊಯ್ದ ಕಾರಣಕ್ಕೇ, 1990ರ ದಶಕದಿಂದ ಮುಚ್ಚಿಟ್ಟಿದ್ದಾರೆ. ದಡದಲ್ಲಿ ಕಂದುಬಣ್ಣದ ಒಣ ಎಲೆಗಳ ರಾಶಿ ಕಂಡರೂ ಕಸವೆಂದು ಮೂಗು ಮುರಿಯಬೇಡಿ, ಅದು ಪೊಸಿಡೋನಿಯಾ ಎಂಬ ಸಮುದ್ರದ ಹುಲ್ಲು, ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗದಂತೆ ಅದೇ ತಡೆಯುತ್ತದೆ.

ಊಟಕ್ಕೆ ಅಷ್ಟು ಚಿಂತೆ ಬೇಡ. ಅಲ್ಲಿ ಕುರಿಗಾಹಿಗಳು ಬೆಟ್ಟಕ್ಕೆ ಒಯ್ಯುತ್ತಿದ್ದ ಪಾನೆ ಕರಸಾವು ಎಂಬ ತೆಳ್ಳನೆಯ ಗರಿಗರಿ ರೊಟ್ಟಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಗಟ್ಟಿ ಗೋಧಿಯ ರವೆ, ಉಪ್ಪು, ಈಸ್ಟ್, ನೀರು, ಅಷ್ಟೇ ಅದರಲ್ಲಿರುವುದು. ನಮ್ಮ ಖಡಕ್ ರೊಟ್ಟಿಯಂತೆಯೇ ದಿನಗಟ್ಟಲೆ ಕೆಡದೆ ಇರುತ್ತದೆ, ಊರಿನಿಂದ ಒಯ್ದ ಶೇಂಗಾ ಹಿಂಡಿಗೆ ಚೆನ್ನಾಗಿ ಹೊಂದುತ್ತದೆ. ಆ ಭಾಗದ ಹೆಸರುವಾಸಿ ತಿನಿಸು ಕುಲುರ್ಜೋನೆಸ್, ಆಲೂಗಡ್ಡೆ, ಪುದೀನ ಮತ್ತು ಕುರಿಹಾಲಿನ ಗಿಣ್ಣು (ಚೀಸ್) ತುಂಬಿದ್ದು. ಆದರೆ ಸಾಂಪ್ರದಾಯಿಕ ಗಿಣ್ಣನ್ನು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರಾದ್ದರಿಂದ ಅತ್ತೆಯವರಿಗೆ ಮೊದಲೇ ತಿಳಿಸಿ, ನಿರ್ಧಾರ ಅವರಿಗೆ ಬಿಡಿ. ತುಪ್ಪ, ಪೇಡೆ, ಹಾಲಿನ ಯಾವ ಪದಾರ್ಥವನ್ನೂ ಊರಿನಿಂದ ಕಟ್ಟಬೇಡಿ, ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲು ಮತ್ತು ಮಾಂಸದ ಉತ್ಪನ್ನ ತರುವಂತಿಲ್ಲ.

ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಕಾರು ಓಡಿಸುವುದಾದರೆ ಯಜಮಾನರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಲಿ, ಅಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು. ದೋಣಿಯ ಟಿಕೆಟನ್ನು ಮಾತ್ರ ವಾಸ್ತವ್ಯದ ಮೊದಲ ದಿನಕ್ಕೇ ತೆಗೆದುಕೊಳ್ಳಿ. ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ಆ ತೀರ ಬೆಟ್ಟದ ಮರೆಯಲ್ಲಿದ್ದರೂ, ಪೂರ್ವದ ಗಾಳಿ ಎದ್ದರೆ ದೋಣಿಗಳು ಹೊರಡುವುದೇ ಇಲ್ಲ, ಆಗ ಮರುದಿನಕ್ಕೆ ಬದಲಿಸಿಕೊಳ್ಳಲು ನಿಮ್ಮ ಕೈಯಲ್ಲಿ ದಿನ ಉಳಿದಿರಬೇಕು.