ಮೊದಲ ಮಳೆಗೆ ತೊರೆಯ ಮೀನುಗಳು ಸಾಯುವುದೇಕೆ?

ಪ್ರಶ್ನೆ:
ನಗರದ ನಡುವೆ ಹರಿಯುವ ತೊರೆಯೊಂದನ್ನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ಹತ್ತಿರದಲ್ಲಿ ಕಾರ್ಖಾನೆಯಿಲ್ಲ, ಒಳಚರಂಡಿಯ ನೀರೂ ಸೇರುವುದಿಲ್ಲ. ಆದರೂ ಬಹುದಿನ ಬಿಸಿಲು ಕಾದ ಮೇಲೆ ಮೊದಲ ಜೋರು ಮಳೆ ಸುರಿದಾಗ ಕೆಲವು ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ವಾಲಿಕೊಂಡು ಗಿರಕಿ ಹೊಡೆಯುತ್ತವೆ, ಕತ್ತಲಾಗುವಷ್ಟರಲ್ಲಿ ಸತ್ತಿರುತ್ತವೆ. ರಸ್ತೆಯ ಮೇಲೆ ಹರಿದು ಬಂದಷ್ಟಕ್ಕೇ ಮಳೆನೀರು ಇಷ್ಟು ವಿಷವಾಗಬಲ್ಲುದೇ?

ಉತ್ತರ 1:
ಖಂಡಿತ ಆಗಬಲ್ಲುದು. ಒಣ ದಿನಗಳಲ್ಲಿ ಎಂಜಿನ್ ಎಣ್ಣೆಯ ಹನಿ, ಬ್ರೇಕ್ ಪ್ಯಾಡಿನಿಂದ ಉದುರಿದ ತಾಮ್ರ, ಟೈರಿನ ಸವೆತದ ಪುಡಿ ಮತ್ತು ಅದರೊಳಗಿನ ಸತು ಎಲ್ಲವೂ ಡಾಂಬರಿನ ಮೇಲೆ ಕೂಡುತ್ತಾ ಹೋಗುತ್ತವೆ; ಮೊದಲ ಮಳೆ ಅವೆಲ್ಲವನ್ನೂ ಒಮ್ಮೆಗೇ ತೊಳೆದು, ಮಣ್ಣಿಗೆ ಇಂಗಲು ಎಡೆಯೇ ಕೊಡದೆ, ಕಾಲುವೆಯ ಮೂಲಕ ನೇರವಾಗಿ ತೊರೆಗೆ ಸುರಿಯುತ್ತದೆ. ಹಾನಿಯೆಂದರೆ ಸಾವೊಂದೇ ಅಲ್ಲ. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಕರಗಿದ ತಾಮ್ರವೂ ಸಾಲ್ಮನ್ ಮರಿಗಳ ಮೂಗನ್ನು ಮಂಕಾಗಿಸುತ್ತದೆ. ಗಾಯಗೊಂಡ ಮೀನಿನ ಚರ್ಮದಿಂದ ಹೊರಡುವ ಎಚ್ಚರಿಕೆಯ ವಾಸನೆ ತಿಳಿಯದೆ ಅವು ಬೇಟೆಗಾರ ಮೀನಿನ ಎದುರಿಗೇ ನಿರಾತಂಕವಾಗಿ ಈಜಾಡುತ್ತವೆ. ಇಂತಹ ನಷ್ಟ ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ.

ಉತ್ತರ 2:
ನೀವು ವರ್ಣಿಸಿರುವ ಲಕ್ಷಣಗಳನ್ನು ಓದಿದಾಗ ಅಮೆರಿಕದ ಸಿಯಾಟಲ್ ಸುತ್ತಲಿನ ಕೊಹೊ ಸಾಲ್ಮನ್‌ಗಳು ನೆನಪಾದವು. ಮೊಟ್ಟೆಯಿಡಲು ಸಮುದ್ರದಿಂದ ನಗರದ ತೊರೆಗಳಿಗೆ ಮರಳುತ್ತಿದ್ದ ಈ ಮೀನುಗಳು, ಕೆಲವೆಡೆ ಬಂದವುಗಳಲ್ಲಿ ಶೇ. 90ರವರೆಗೆ, ಹೊಟ್ಟೆ ತುಂಬ ಮೊಟ್ಟೆಗಳಿರುವಾಗಲೇ ಸಾಯುತ್ತಿದ್ದವು. ಲೋಹ, ಕೀಟನಾಶಕ, ರೋಗ ಯಾವುದನ್ನು ಪರೀಕ್ಷಿಸಿದರೂ ಕಾರಣ ಹೊಂದಲಿಲ್ಲ. ಕೊನೆಗೆ ಟೈರಿನ ಪುಡಿಯನ್ನು ನೆನೆಸಿದ ನೀರಿನಿಂದ ರಾಸಾಯನಿಕಗಳನ್ನು ಹಂತಹಂತವಾಗಿ ಬೇರ್ಪಡಿಸುತ್ತಾ ಹೋದ ವಿಜ್ಞಾನಿಗಳು 2020ರ ಡಿಸೆಂಬರ್‌ನಲ್ಲಿ 6ಪಿಪಿಡಿ-ಕ್ವಿನೋನ್ ಎಂಬ ವಸ್ತುವನ್ನು ಹೆಸರಿಸಿದರು. ರಬ್ಬರು ಬಿರುಕು ಬಿಡದಿರಲೆಂದು ಟೈರಿಗೆ ಬೆರೆಸುವ 6ಪಿಪಿಡಿಯು ಗಾಳಿಯ ಓಝೋನ್ ಜೊತೆ ವರ್ತಿಸಿದಾಗ ಇದು ಹುಟ್ಟುತ್ತದೆ. ಅಂದರೆ ಟೈರನ್ನು ಕಾಯುವ ಕೆಲಸದಲ್ಲಿಯೇ ವಿಷವೂ ತಯಾರಾಗುತ್ತದೆ. ಲೀಟರಿಗೆ ಸುಮಾರು 95 ನ್ಯಾನೊಗ್ರಾಂ ಇದ್ದರೆ ಅರ್ಧದಷ್ಟು ಕೊಹೊ ಮರಿಗಳು ಸಾಯುತ್ತವೆಂದು 2022ರ ಮರುಪರೀಕ್ಷೆ ತೋರಿಸಿತು. ವಿಚಿತ್ರವೆಂದರೆ ಹತ್ತಿರದ ಬಂಧುವಾದ ಚಮ್ ಸಾಲ್ಮನ್‌ಗೆ ಅದೇ ನೀರಿನಲ್ಲಿ ಹೆಚ್ಚೇನೂ ಆಗುವುದಿಲ್ಲ, ರೈನ್‌ಬೋ ಟ್ರೌಟ್ ಮಾತ್ರ ಸಾಯುತ್ತದೆ. ಆದ್ದರಿಂದ ನಿಮ್ಮ ತೊರೆಯ ಮೀನಿನ ಜಾತಿ ಯಾವುದೆಂದು ತಿಳಿಯದೆ ಟೈರಿನ ಮೇಲೆ ತಪ್ಪು ಹೊರಿಸಲು ನಾನು ಸಿದ್ಧನಿಲ್ಲ.

ಪ್ರಶ್ನಿಸಿದವರು:
ಮರುದಿನ ತೆಗೆದ ನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕಾಲುವೆಯ ಬಾಯಿಗೆ ಜಾಲರಿ ಹಾಕಿದರೆ ಸಾಕೇ?

ಉತ್ತರ 3:
ಮರುದಿನದ ನೀರು ಬೇರೆಯೇ ನೀರು. ಮಳೆ ಶುರುವಾಗಿ ಮಟ್ಟ ಏರುತ್ತಿರುವಾಗಲೇ ಗಾಜಿನ ಬಾಟಲಿಗಳಲ್ಲಿ, ಸ್ವಲ್ಪ ಹೊತ್ತಿಗೊಂದರಂತೆ ಮಾದರಿ ಹಿಡಿಯಬೇಕು. ಕರಗಿದ ಆಮ್ಲಜನಕವನ್ನೂ ಉಷ್ಣತೆಯನ್ನೂ ಆಗಲೇ ಅಳೆಯಬೇಕು, ಏಕೆಂದರೆ ಕೊಚ್ಚಿ ಬಂದ ಕಸ ಕೊಳೆತು ಆಮ್ಲಜನಕ ಕುಸಿದರೂ ಮೀನು ಹೀಗೆಯೇ ಮೇಲೆ ಬಂದು ಬಾಯಿ ಬಿಡುತ್ತದೆ. ಜಾಲರಿಯು ಎಲೆ, ಪ್ಲಾಸ್ಟಿಕ್ ತಡೆದೀತೇ ಹೊರತು ಕರಗಿದ ವಿಷವನ್ನಲ್ಲ. ಹೆದ್ದಾರಿಯ ಮಳೆನೀರನ್ನು ಮರಳು, ಕಾಂಪೋಸ್ಟ್ ಮತ್ತು ಮರದ ತೊಗಟೆಯ ಪದರದೊಳಗೆ ಇಳಿಸಿ ಸೋಸಿದಾಗ, ಸೋಸದ ನೀರಿನಲ್ಲಿ ಸತ್ತ ಜಾತಿಯ ಮೀನುಗಳೇ ಬದುಕುಳಿದದ್ದನ್ನು ಸಿಯಾಟಲ್ ಪ್ರದೇಶದ ಪ್ರಯೋಗಗಳು ತೋರಿಸಿವೆ. ರಸ್ತೆಯಂಚಿನ ಕಾಲುವೆ ತೊರೆಗೆ ಸೇರುವ ಮುನ್ನ ಎಲ್ಲಾದರೂ ತಗ್ಗು ನೆಲವಿದ್ದರೆ, ಮೊದಲ ಅರ್ಧ ಗಂಟೆಯ ನೀರನ್ನಾದರೂ ಅಲ್ಲಿಗೆ ತಿರುಗಿಸಲು ಸಾಧ್ಯವೇ ಎಂದು ನೋಡಿ.