ಮಗುವಿನ ಭೇಟಿಯ ದಿನಗಳನ್ನು ಬದಲಾಯಿಸಿದವರು ಹೇಗೆ ಮಾಡಿದಿರಿ?

ಕೇಳಿದವರು: ನಮ್ಮ ಡಿವೋರ್ಸ್ ಆದಾಗ ಮಗಳಿಗೆ 3 ವರ್ಷ. ಪ್ರತಿ ಶನಿವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಅಪ್ಪನ ಜೊತೆ ಇರಬೇಕು ಅಂತ ಕೋರ್ಟ್ ಆದೇಶ ಆಗಿತ್ತು. ಈಗ ಅವಳಿಗೆ 9. ಶನಿವಾರವೇ ಈಜು ತರಬೇತಿ ಇರುತ್ತದೆ. ಅವರ ಕೆಲಸದ ಪಾಳಿಯೂ ಬದಲಾಗಿದೆ. ವಾರ ವಾರವೂ ಫೋನಿನಲ್ಲಿ ಜಗಳ. ಕಳೆದ ವಾರ ಮಗಳು "ನಾನು ಎಲ್ಲಿಗೂ ಹೋಗಲ್ಲ" ಅಂತ ಬಾಗಿಲು ಹಾಕಿಕೊಂಡುಬಿಟ್ಟಳು. ಮತ್ತೆ ಕೋರ್ಟಿಗೆ ಹೋಗಲೇಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಒಬ್ಬ ತಂದೆ: ನಾನು ಆ ಕಡೆಯವನು, ಶನಿವಾರಕ್ಕೆ ಕಾಯುವವನು. ಮಗನ ತಾಯಿ ಮೊದಲ ಸಲ "ದಿನ ಬದಲಾಯಿಸೋಣ" ಅಂದಾಗ ನನ್ನ ಕಿವಿಗೆ ಬಿದ್ದದ್ದು "ಕಡಿಮೆ ಮಾಡೋಣ" ಅಂತ. ಇರುವುದೇ ವಾರಕ್ಕೆ ಒಂದು ದಿನ, ಅದರಲ್ಲೂ ಕಿತ್ತುಕೊಳ್ಳುತ್ತಾಳಲ್ಲ ಅಂತ ಕೂಗಾಡಿದೆ. ತಪ್ಪು ಮಾಡಿದೆ.

ಎರಡನೇ ಸಲ ಅವಳು ಬೇರೆ ಥರ ಕೇಳಿದಳು. ಯಾವ ಸಮಯ ಹೋಗುತ್ತದೆ, ಅದರ ಬದಲು ಯಾವುದು ಬರುತ್ತದೆ ಅಂತ ಒಂದೇ ಮೆಸೇಜಿನಲ್ಲಿ ಬರೆದಿದ್ದಳು. ಬುಧವಾರ ಸಂಜೆ 2 ಗಂಟೆ, ಜೊತೆಗೆ ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ನನ್ನ ಮನೆಯಲ್ಲೇ ಮಲಗುವುದು. ಕೊನೆಯಲ್ಲಿ "3 ತಿಂಗಳು ನೋಡೋಣ, ಸರಿಹೋಗದಿದ್ದರೆ ಹಳೇದಕ್ಕೇ ವಾಪಸ್" ಅಂತ ಇತ್ತು. ಆ ಒಂದು ಸಾಲಿನಿಂದ ನನಗೆ ಹೂಂ ಅನ್ನುವ ಧೈರ್ಯ ಬಂತು.

ಇನ್ನೊಂದು ಮಾತು. ಈಜು ತರಬೇತಿಗೆ ಅವರೇ ಕರೆದುಕೊಂಡು ಹೋಗಲಿ ಬಿಡಿ. ಮಗನ ಆಟದ ತರಬೇತಿಗೆ ನಾನು ಹೋಗಲು ಶುರು ಮಾಡಿದ ಮೇಲೆಯೇ ಅವನ ಗೆಳೆಯರ ಹೆಸರುಗಳು ನನಗೆ ಗೊತ್ತಾದವು. ದಾರಿಯಲ್ಲಿ ಎಷ್ಟೊಂದು ಮಾತಾಡುತ್ತಾನೆ! ಮನೆಯಲ್ಲಿ ಎದುರು ಕೂರಿಸಿಕೊಂಡು ಕೇಳಿದರೆ ಒಂದು ಮಾತೂ ಬರುವುದಿಲ್ಲ.

ಇಬ್ಬರು ಮಕ್ಕಳ ತಾಯಿ: ಮೇಲಿನವರು ಹೇಳಿದ್ದು ಸರಿ. ಆದರೆ ಒಪ್ಪಿಕೊಂಡದ್ದನ್ನು ಬಾಯಿಮಾತಿನಲ್ಲೇ ಬಿಡಬೇಡಿ. ನಾವು ಹಾಗೆ ಬಿಟ್ಟು ಕೆಟ್ಟೆವು. 8 ತಿಂಗಳು ಎಲ್ಲಾ ಚೆನ್ನಾಗಿತ್ತು. ಬೇರೆ ಯಾವುದೋ ವಿಷಯಕ್ಕೆ ಜಗಳ ಆದ ದಿನ ಅವರು ಹಳೇ ಆದೇಶ ತೆಗೆದು "ಇಷ್ಟು ದಿನ ನೀನು ಇದನ್ನು ಪಾಲಿಸಿಯೇ ಇಲ್ಲ" ಅಂದರು. ನನ್ನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

ಆಮೇಲೆ ವಕೀಲರು ಬಿಡಿಸಿ ಹೇಳಿದರು. ಸಾಮಾನ್ಯವಾಗಿ, ಕೋರ್ಟ್ ಬದಲಾಯಿಸುವವರೆಗೆ ಹಳೇ ಆದೇಶವೇ ಆದೇಶ. ಇಬ್ಬರೂ ಒಪ್ಪಿದ್ದರೆ ಹೊಸ ಏರ್ಪಾಡನ್ನು ಬರೆದು ಇಬ್ಬರೂ ಸೇರಿ ಅರ್ಜಿ ಕೊಡಬಹುದು, ಅದು ಅಷ್ಟೇನೂ ಎಳೆಯುವುದಿಲ್ಲ. ಒಪ್ಪದಿದ್ದರೆ ಮೊದಲು ಮಧ್ಯಸ್ಥಿಕೆಗೆ ಕೂರಿ. ಅಲ್ಲೂ ಆಗಲಿಲ್ಲವೆಂದರೆ, ಆದೇಶ ಆದ ಮೇಲೆ ಏನು ಬದಲಾಗಿದೆ ಅಂತ ನೀವು ತೋರಿಸಬೇಕು. ಮಗುವಿನ ವಯಸ್ಸು, ಶಾಲೆಯ ವೇಳೆ, ಪಾಳಿ, ಇಂಥವು. ನಿಮ್ಮಲ್ಲಿ ಇವೆಲ್ಲಾ ಇವೆ. ಮುಖ್ಯವಾಗಿ ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅಂತ, ನಮ್ಮ ಅನುಕೂಲ ಆಮೇಲೆ. ದೇಶದಿಂದ ದೇಶಕ್ಕೆ ವಿಧಾನ ಬೇರೆ, ಹಾಗಾಗಿ ನಿಮ್ಮ ವಕೀಲರನ್ನು ಒಮ್ಮೆ ಕೇಳಿ.

ಮತ್ತೆ, ಜೀವನಾಂಶದ ದುಡ್ಡು ತಡವಾಯಿತು ಅಂತ ಭೇಟಿ ನಿಲ್ಲಿಸಬೇಡಿ. ಎರಡೂ ಬೇರೆ ಬೇರೆ ವಿಷಯ.

ಎರಡು ಮನೆಗಳಲ್ಲಿ ಬೆಳೆದವಳು: ನಾನು ಬಾಗಿಲು ಹಾಕಿಕೊಂಡ ಆ ಮಗು ಆಗಿದ್ದೆ. ಈಗ ನನಗೆ 26.

"ನಿಂಗೆ ಯಾರ ಜೊತೆ ಇರಬೇಕು?" ಅಂತ ನನ್ನನ್ನು ಕೇಳುತ್ತಿದ್ದರು. ಯಾವ ಉತ್ತರ ಕೊಟ್ಟರೂ ಒಬ್ಬರ ಮುಖ ಬಾಡುತ್ತಿತ್ತು. ಕೊನೆಗೆ ಹೊಟ್ಟೆನೋವು ಅಂತ ಸುಳ್ಳು ಹೇಳಲು ಕಲಿತೆ. ದಯವಿಟ್ಟು ಮಗಳನ್ನು ಹಾಗೆ ಕೇಳಬೇಡಿ. "ಶನಿವಾರದಲ್ಲಿ ನಿಂಗೆ ಕಷ್ಟ ಆಗೋದು ಯಾವುದು?" ಅಂತ ಕೇಳಿ, ಆಮೇಲೆ ಸುಮ್ನೆ ಇರಿ. ನನ್ನ ಕಷ್ಟ ಅಪ್ಪ ಆಗಿರಲಿಲ್ಲ. ಗೇಟಿನ ಹತ್ತಿರ ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡದೆ ನನ್ನ ಬ್ಯಾಗ್ ಕೈಬದಲಾಯಿಸುತ್ತಿದ್ದರಲ್ಲ, ಆ ಎರಡು ನಿಮಿಷ. ಶಾಲೆ ಬಿಟ್ಟಾಗ ಅಪ್ಪ ನೇರವಾಗಿ ಅಲ್ಲಿಂದಲೇ ಕರೆದುಕೊಂಡು ಹೋಗಲು ಶುರು ಮಾಡಿದ ಮೇಲೆ ಹೊಟ್ಟೆನೋವು ನಿಂತಿತು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು, ಪ್ರಬುದ್ಧತೆ ನೋಡಿ ಬೆಲೆ ಕೊಡಬೇಕು ಅನ್ನುತ್ತದೆ. ತೀರ್ಮಾನದ ಹೊರೆಯನ್ನು ಮಗುವಿನ ತಲೆಗೆ ಕಟ್ಟಿ ಅಂತ ಅದು ಹೇಳುವುದಿಲ್ಲ. 9ನೇ ವಿಧಿ, ಮಗುವಿನ ಹಿತಕ್ಕೆ ವಿರುದ್ಧವಾಗದಿದ್ದರೆ ತಂದೆತಾಯಿ ಇಬ್ಬರ ಜೊತೆಗೂ ನಂಟು ಉಳಿಸಿಕೊಳ್ಳುವುದು ಮಗುವಿನ ಹಕ್ಕು ಅನ್ನುತ್ತದೆ. ಮಗುವಿನ ಹಕ್ಕು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದೇ ಇಲ್ಲ.

ಇನ್ನೊಬ್ಬ ತಾಯಿ: "ಹೋಗಲ್ಲ" ಅನ್ನುವುದರ ಹಿಂದೆ ಹೆದರಿಕೆ ಇದ್ದರೆ ಮಾತ್ರ ಹೊಂದಾಣಿಕೆ ಅಂತ ಕಾಯುತ್ತಾ ಕೂರಬೇಡಿ. ಹೊಡೆತ, ಕುಡಿತದ ಸುಳಿವು ಕಂಡರೆ ತಕ್ಷಣ ವಕೀಲರ ಹತ್ತಿರ ಹೋಗಿ. ಮೂರನೆಯವರ ಕಣ್ಣೆದುರೇ ಭೇಟಿ ಆಗಲಿ ಅಂತಲೂ ಕೋರ್ಟನ್ನು ಕೇಳಬಹುದು. ನಾನು ಕೇಳಿದ್ದೆ, ಸಿಕ್ಕಿತು.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳನ್ನು ನೀವು ಹೇಳಿದ ಹಾಗೆಯೇ ಕೇಳಿದೆ. ಹೆದರಿಕೆ ಏನೂ ಇಲ್ಲ. "ನಾನು ಈಜೋದನ್ನು ಅಪ್ಪ ಒಂದ್ಸಲಾನೂ ನೋಡಿಲ್ಲ" ಅಂದಳು. ನನಗೆ ಮಾತೇ ಹೊರಡಲಿಲ್ಲ. ಇವತ್ತು ಬೆಳಗ್ಗೆ ಅವರಿಗೆ ಮೆಸೇಜ್ ಮಾಡಿದೆ, ಹೋಗುವ ಸಮಯ, ಬದಲಿಗೆ ಬರುವ ಸಮಯ, 3 ತಿಂಗಳ ಮಾತು ಎಲ್ಲಾ ಬರೆದು. ಮಧ್ಯಾಹ್ನ ಉತ್ತರ ಬಂತು: "ತರಬೇತಿ ಎಷ್ಟು ಗಂಟೆಗೆ?"